ಉಸಿರುಮನೆಯ ಹಸಿರು ದೀಪ

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ."

ಪತ್ತೇದಾರ ಉಸಿರು ಹಿಡಿದು ನಿಂತ. ಕೆನ್ನೆ ಉಬ್ಬಿತ್ತು, ಕಣ್ಣು ಎದುರಿನ ಗೋಡೆಗಡಿಯಾರದ ಮೇಲಿತ್ತು. ಭಾವಮೈದುನ ಲಾಕಪ್ಪಿನಲ್ಲಿ ಕೂತಿರುವಾಗ ತಾನು ಇಲ್ಲಿ ಬಾಗಿಲಲ್ಲಿ ಕಪ್ಪೆಯ ಹಾಗೆ ಉಬ್ಬಿಕೊಂಡು ನಿಲ್ಲಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

"ಈಗ ಊದಿ. ನಿಧಾನಕ್ಕೆ, ಪೂರ್ತಿ."

ಊದಿದ. ಕಾರ್ಯದರ್ಶಿಯ ಕೈಯಲ್ಲಿದ್ದ ಅಂಗೈಯಗಲದ ಯಂತ್ರ ಸ್ವಲ್ಪ ಹೊತ್ತು ಯೋಚನೆ ಮಾಡಿ ಹಸಿರು ದೀಪ ತೋರಿಸಿತು.

"ಹಸಿರು," ಎಂದರು ಕಾರ್ಯದರ್ಶಿ, ತುಸು ನಿರಾಸೆಯಾದವರ ಹಾಗೆ. "ಒಳಗೆ ಬರಬಹುದು."

ಉಸಿರುಮನೆಯ ನಿಯಮವೇ ಹಾಗೆ. ಸಿಗರೇಟು ಬಿಡಲು ಬಂದವನಿರಲಿ, ಹಾಲು ಹಾಕುವವನಿರಲಿ, ನಗರಸಭೆಯ ಅಧ್ಯಕ್ಷರೇ ಇರಲಿ, ಈ ಯಂತ್ರಕ್ಕೆ ಊದದೆ ಹೊಸ್ತಿಲು ದಾಟುವಂತಿಲ್ಲ. ಸೇದದವನಿಗೆ ಹಸಿರು, ಯಾವಾಗಲೋ ಒಂದು ಎಳೆದವನಿಗೆ ಹಳದಿ, ಈಗಷ್ಟೇ ಎಳೆದು ಬಂದವನಿಗೆ ಕೆಂಪು. ಕೆಂಪಾದವರನ್ನು ಯಾರೂ ಬೈಯುವುದಿಲ್ಲ. ಕೂರಿಸಿ, ನೀರು ಕೊಟ್ಟು, ಕಷ್ಟಸುಖ ವಿಚಾರಿಸುತ್ತಾರೆ. ಬೈದಿದ್ದರೇ ವಾಸಿಯಿತ್ತು ಎಂದು ಪತ್ತೇದಾರನಿಗೆ ಎಷ್ಟೋ ಸಲ ಅನ್ನಿಸಿದೆ.

ಅವನೂ ಇಲ್ಲೇ ಬಿಟ್ಟವನು. ಬಿಟ್ಟು ಇನ್ನೂ ತಿಂಗಳು ತುಂಬಿಲ್ಲ. "ನಾನು ಬಿಟ್ಟೆ ಭಾವ, ಈಗ ನಿಮ್ಮ ಸರದಿ," ಎಂದು ಭಾವಮೈದುನ ಊಟದ ಹೊತ್ತಿನಲ್ಲಿ ಹೆಂಡತಿಯ ಎದುರೇ ಸವಾಲು ಹಾಕಿದ್ದ. ಆ ಮೇಲೆ ಹಿಂದೆ ಸರಿಯುವುದಕ್ಕೆ ಯಾವ ಗಂಡಸಿಗೆ ಧೈರ್ಯವಿದೆ?

ಅಂದಿನಿಂದ ಅವನ ಬಲಗೈಗೆ ನೆಲೆಯಿಲ್ಲ. ಹೇಳದೆ ಕೇಳದೆ ಶರಟಿನ ಜೇಬಿಗೆ ಹೋಗುತ್ತದೆ, ಅಲ್ಲಿ ಪೆಪ್ಪರ್‌ಮೆಂಟಿನ ಪೊಟ್ಟಣ ಮುಟ್ಟಿ ಮುಖ ಸಪ್ಪಗೆ ಮಾಡಿಕೊಂಡು ಹಿಂದಕ್ಕೆ ಬರುತ್ತದೆ. ಇವತ್ತು ಇಲ್ಲಿಗೆ ಬಂದಾಗಿನಿಂದ ಮೂಗು ಕೂಡ ಕೈಯ ಜೊತೆ ಸೇರಿಕೊಂಡಂತಿತ್ತು. ಸಿಗರೇಟಿನ ಸುಳಿವೇ ಇರಬಾರದ ಈ ಹಾಲ್‌ನಲ್ಲಿ ನಿಂತರೂ ಅವನಿಗೆ ಎಲ್ಲಿಂದಲೋ ಒಂದೆಳೆ ಸಿಗರೇಟಿನ ವಾಸನೆ ಬಡಿದಂತಾಯಿತು. ಚಪಲ, ಮತ್ತೇನಲ್ಲ ಎಂದುಕೊಂಡು ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡ.

ನಿನ್ನೆ ಮಧ್ಯಾಹ್ನ ಉಸಿರುಮನೆಯ ಹಿತ್ತಿಲ ಉಗ್ರಾಣಕ್ಕೆ ಬೆಂಕಿ ಬಿದ್ದಿತ್ತು. ಒಳಗಿದ್ದ ಆಯಮ್ಮ, ನೆಲ ಒರೆಸುವ ವಯಸ್ಸಾದ ಹೆಂಗಸು, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಅವಳನ್ನು ಹೊರಗೆ ಎಳೆದು ತಂದವನೇ ಇಲ್ಲಿ ನಲ್ಲಿ ರಿಪೇರಿಯ ಕೆಲಸಕ್ಕಿದ್ದ ಭಾವಮೈದುನ. ಸಂಜೆಯ ಹೊತ್ತಿಗೆ ಬೆಂಕಿ ಹಚ್ಚಿದವನೂ ಅವನೇ ಎಂದಾಯಿತು. ಇವತ್ತು ಸಂಜೆ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ.

ಊರು ಅವನಿಗೆ ಇಟ್ಟ ಹೆಸರು ಹೊಗೆಬಂಡಿ. ಸುಮ್ಮನೆ ಇಟ್ಟ ಹೆಸರಲ್ಲ. ಬಿಟ್ಟೆ ಎಂದು ಮನೆಯವರ ಮುಂದೆ ಆಣೆ ಮಾಡಿದ ಮರುದಿನವೇ ಅವನ ಛತ್ರಿ ಬಿಚ್ಚಿದರೆ ಸಿಗರೇಟು ಉದುರಿದ್ದುಂಟು. ಹಳೇ ರೇಡಿಯೊದ ಹೊಟ್ಟೆಯಲ್ಲಿ, ಅಕ್ಕನ ಹೊಲಿಗೆ ಯಂತ್ರದ ಖಾನೆಯಲ್ಲಿ, ಎಲ್ಲೆಲ್ಲೂ ಸಿಕ್ಕಿದ್ದುಂಟು. ಪ್ರತಿ ಸಲವೂ ಅದೇ ಮಾತು: ನಾನು ಸೇದಿಲ್ಲ, ಯಾರೋ ಇಟ್ಟಿದ್ದಾರೆ.

ಬೆಳಿಗ್ಗೆ ಲಾಕಪ್ಪಿನ ಸರಳಿನ ಹಿಂದೆ ನಿಂತು ಅವನು ಮತ್ತೆ ಅದನ್ನೇ ಹೇಳಿದ್ದ. "ನಾನು ಸೇದಿಲ್ಲ ಭಾವ. ನೀವಾದ್ರೂ ನಂಬ್ತೀರಾ?"

ಹೂಂ ಎನ್ನಲು ಪತ್ತೇದಾರನಿಗೆ ಒಂದು ಗಳಿಗೆ ತಡವಾಯಿತು. ಆ ಒಂದು ಗಳಿಗೆಯನ್ನು ಹೊಗೆಬಂಡಿ ನೋಡಿಬಿಟ್ಟ. ಪಕ್ಕದಲ್ಲಿದ್ದ ಅವನ ಅಕ್ಕ, ಪತ್ತೇದಾರನ ಹೆಂಡತಿ, ಮುಖ ಬೇರೆ ಕಡೆ ತಿರುಗಿಸಿಕೊಂಡಳು.

"ಹೋಗಲಿ, ಅಲ್ಲಿಂದ ಯಾರಾದ್ರೂ ಹೊರಗೆ ಬಂದಿದ್ದು ನೋಡಿದ್ಯಾ?" ಎಂದು ಪತ್ತೇದಾರ ಕೇಳಿದಾಗ ಈ ಸಲ ತಡ ಮಾಡಿದವನು ಹೊಗೆಬಂಡಿ. ನೆಲ ನೋಡಿ, "ಇಲ್ಲ" ಎಂದಿದ್ದ. ಆ ಇಲ್ಲ ಪತ್ತೇದಾರನ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು.

ಮೇಲಿನ ಮಹಡಿಯಲ್ಲಿ ಯಾರೋ ಓಡಾಡುವ ಸದ್ದು ಕೇಳಿಸಿತು. ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ.

"ಅಪ್ಪ," ಎಂದರು ಕಾರ್ಯದರ್ಶಿ ತಲೆಯೆತ್ತದೆ. "ನಿನ್ನೆಯಿಂದ ಹೀಗೇ. ನಮ್ಮ ಉಸಿರುಮನೆ ಡಾಕ್ಟರು ನಿದ್ದೆ ಮಾತ್ರೆ ಕೊಟ್ಟರೂ ಮಲಗಲ್ಲ. ಯಾರನ್ನೂ ನೋಡಲ್ಲ ಅಂದಿದ್ದಾರೆ. ನಾನೂ ಬೆಳಿಗ್ಗೆ ಬಾಗಿಲ ಹೊರಗೆ ತಿಂಡಿ ಇಟ್ಟು ಬಂದಿದ್ದಷ್ಟೇ."

ಕಾರ್ಯದರ್ಶಿಯ ಅಪ್ಪ ಎಂದರೆ ಊರಿನ ಪಾಲಿಗೆ ದೊಡ್ಡೋರು. ಬಸ್ ನಿಲ್ದಾಣಗಳಲ್ಲಿ ಕೂರಲು ಬೆಂಚು ಬಂದಿದ್ದು ಅವರಿಂದ, ಬೀದಿ ಮೂಲೆಗಳಲ್ಲಿ ಕುಡಿಯುವ ನೀರಿನ ನಲ್ಲಿ ಬಂದಿದ್ದು ಅವರಿಂದ, ಕತ್ತಲ ಓಣಿಗಳಿಗೆ ದೀಪ ಬಂದಿದ್ದು ಅವರಿಂದ. ಸರ್ಕಾರದ ಬಿಡಿಗಾಸು ಇಲ್ಲ, ಎಲ್ಲ ಸ್ವಂತ ಕೈಯಿಂದ. ಹೆಂಡತಿ ಶ್ವಾಸಕೋಶ ಕೆಟ್ಟು ತೀರಿಕೊಂಡ ವರ್ಷ ತಾವು ಸಿಗರೇಟು ಬಿಟ್ಟರು, ಊರಿನವರಿಗೂ ಬಿಡಿಸಲು ಈ ಉಸಿರುಮನೆ ತೆರೆದರು. ನಾಳೆ ನಗರಸಭೆಯಲ್ಲಿ ಅವರ ಬಹುದಿನದ ಆಸೆ ತೀರ್ಮಾನಕ್ಕೆ ಬರಲಿದೆ: ಹಳೇ ಮಾರುಕಟ್ಟೆಯ ಬೀದಿಗಳಲ್ಲಿ ಯಾರೂ ಸಿಗರೇಟು ಹಚ್ಚಕೂಡದು.

ಹಾಲ್‌ನ ಗೋಡೆಯ ಮೇಲೆ ಅವರದೇ ದೊಡ್ಡ ಚಿತ್ರ. ಬೂದು ಬಣ್ಣದ ಉದ್ದನೆಯ ಕೋಟು, ತುಸು ಬಾಗಿದ ಬೆನ್ನು, ಯಾರನ್ನು ಬೇಕಾದರೂ ಕ್ಷಮಿಸಿಬಿಡುವಂಥ ನಗು.

"ಉಗ್ರಾಣ ತೋರಿಸ್ತೀರಾ ಮೇಡಂ?"

"ನೋಡೋದೇನಿದೆ? ಇನ್‌ಸ್ಪೆಕ್ಟರು ನೋಡಿಯಾಯ್ತು."

"ಅವರು ಕೆಲಸಕ್ಕೆ ನೋಡಿದ್ದು. ನಾನು ಹೆಂಡತಿಗೆ ಉತ್ತರ ಹೇಳೋಕೆ ನೋಡೋದು."

ಕಾರ್ಯದರ್ಶಿ ಎದ್ದರು. ನಲವತ್ತರ ಆಚೀಚಿನ ಹೆಂಗಸು, ಇಸ್ತ್ರಿ ಮುರಿಯದ ಉಡುಪು, ಒಂದು ಕೂದಲೂ ಅಲುಗದ ತಲೆ. ಹಿಂಬಾಗಿಲ ಪಕ್ಕದಲ್ಲಿ ಬಟ್ಟೆ ತೂಗುಹಾಕುವ ಗೂಟವಿತ್ತು. ಗೂಟ ಖಾಲಿಯಾಗಿತ್ತು. ಅದರಾಚೆ, ಹೊರಗಡೆಯಿಂದಲೇ ಮಹಡಿಗೆ ಹತ್ತುವ ಕಬ್ಬಿಣದ ಮೆಟ್ಟಿಲು.

ಉಗ್ರಾಣಕ್ಕೆ ಇದ್ದದ್ದು ಒಂದೇ ಬಾಗಿಲು. ಬೆಂಚಿಗೆ ತಂದ ಹಲಗೆ, ಗೋಡೆಗೆ ಬಳಿಯುವ ಬಣ್ಣದ ಡಬ್ಬ, ರಾತ್ರಿ ತಂಗುವ ಬಡವರಿಗೆಂದು ಹೊಲಿಸಿದ್ದ ಹಾಸಿಗೆ, ಎಲ್ಲ ಸೇರಿ ಈಗ ಒಂದು ಒದ್ದೆ ಕರಿ ಗುಡ್ಡೆ. ಗೋಡೆಯ ಮೇಲೆ ಮಸಿ ಸೂರಿನಿಂದ ಸೊಂಟದ ಮಟ್ಟದವರೆಗೆ ಇಳಿದಿತ್ತು. ಇಷ್ಟು ಹೊಗೆಯಲ್ಲಿ ಬಗ್ಗಿ ನಡೆದವನಷ್ಟೇ ಉಳಿಯುತ್ತಾನೆ ಎಂದುಕೊಂಡ ಪತ್ತೇದಾರ. ಹೊಗೆಬಂಡಿಯ ಎರಡೂ ಮೊಣಕಾಲು ತರಚಿದ್ದು ಅವನಿಗೆ ನೆನಪಾಯಿತು. ಆಯಮ್ಮನನ್ನು ಎಳೆದುಕೊಂಡು ಅವನು ತೆವಳಿಯೇ ಬಂದಿರಬೇಕು. ಅದನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

"ಸಿಗರೇಟಿನ ತುಂಡು ಸಿಕ್ಕಿದ್ದೆಲ್ಲಿ?"

ಕಾರ್ಯದರ್ಶಿ ಬಾಗಿಲಾಚೆಯೇ ನಿಂತು ಆ ತುದಿಯ ಕಿಟಕಿಯ ಕಡೆ ಕೈ ತೋರಿಸಿದರು. "ಆ ಕಟ್ಟೆ ಮೇಲೆ. ನಾನೇ ಎತ್ತಿ ಕರವಸ್ತ್ರದಲ್ಲಿ ಸುತ್ತಿ ಇನ್‌ಸ್ಪೆಕ್ಟರ ಕೈಗೆ ಕೊಟ್ಟೆ."

"ಯಾವಾಗ?"

"ಬೆಂಕಿ ಉರೀತಿರುವಾಗಲೇ. ನಿಮ್ಮ ಭಾವಮೈದುನ ಮುಂದೆ ನುಗ್ಗಿದ, ನಾನು ಹಿಂದೇನೇ ಹೋದೆ. ಅವನು ಆಯಮ್ಮನ್ನ ಎಳ್ಕೊಂಡು ಹೋದ. ಕಿಟಕಿ ತೆಗೆದರೆ ಹೊಗೆ ಹೋಗುತ್ತಲ್ಲ ಅಂತ ನಾನು ಅತ್ತ ಹೋದೆ. ಚಿಲಕ ಬಿಸಿಯಾಗಿತ್ತು, ತೆಗೆಯೋಕಾಗಲಿಲ್ಲ."

"ಹೊಗೆ ತುಂಬ ಇತ್ತಾ?"

"ಕಣ್ಣು ಬಿಡೋಕಾಗ್ತಿರಲಿಲ್ಲ. ಉಸಿರು ಕಟ್ಟಿಹೋಯ್ತು."

"ಆದರೂ ತುಂಡು ಕಾಣಿಸಿತು."

"ಕಾಣಿಸಿತು," ಎಂದರು ಅವರು ಚುಟುಕಾಗಿ.

ಪತ್ತೇದಾರ ತಲೆಯಾಡಿಸಿದ. ಬೆಳಿಗ್ಗೆ ಠಾಣೆಯಲ್ಲಿ ಇನ್‌ಸ್ಪೆಕ್ಟರು ಹಳೇ ಸ್ನೇಹಕ್ಕೆ ಆ ತುಂಡನ್ನು ಪ್ಲಾಸ್ಟಿಕ್ ಚೀಲದೊಳಗೇ ತೋರಿಸಿದ್ದರು. ಫಿಲ್ಟರ್ ಕಡೆಯ ಅರ್ಧ. ತುದಿ ಸುಟ್ಟಿತ್ತು. ಆದರೆ ಫಿಲ್ಟರ್ ಹೊಸದಾಗಿ ಒಗೆದ ಬಟ್ಟೆಯಷ್ಟು ಬೆಳ್ಳಗಿತ್ತು. ಜೀವಮಾನದ ಅರ್ಧ ಭಾಗ ಸಿಗರೇಟಿನ ಜೊತೆ ಕಳೆದ ಪತ್ತೇದಾರನಿಗೆ ಅಲ್ಲೇ ತಲೆಗೆ ಹುಳ ಹೊಕ್ಕಿತ್ತು. ತುಟಿಗಿಟ್ಟು ಎಳೆದ ಸಿಗರೇಟು ಹಾಗಿರುವುದಿಲ್ಲ.

"ಬೆಂಕಿ ಆರಿದ ಮೇಲೆ ಡಾಕ್ಟರು ಎಲ್ಲರ ಕೈಲೂ ಊದಿಸಿದ್ರಂತೆ?"

"ಊದಿಸಲೇಬೇಕಲ್ಲ. ಒಬ್ಬನ ಮೇಲೆ ಮಾತ್ರ ಅನುಮಾನ ಪಟ್ಟರೆ ಅನ್ಯಾಯ. ಅಪ್ಪ ಇದನ್ನ ಶುರು ಮಾಡಿದಾಗಲೇ ಹೇಳಿದ್ದರು, ಯಜಮಾನನಿಂದ ಹಿಡಿದು ಆಳಿನವರೆಗೆ ಎಲ್ಲರೂ ಊದಬೇಕು ಅಂತ." ಕಾರ್ಯದರ್ಶಿಯ ದನಿಯಲ್ಲಿ ಮೊದಲ ಸಲ ಜೀವ ಬಂತು. "ನಿಮ್ಮ ಭಾವಮೈದುನನಿಗೆ ಕಡುಕೆಂಪು ಬಂತು. ಇನ್‌ಸ್ಪೆಕ್ಟರ ಕಣ್ಣೆದುರಿಗೇ."

"ದೊಡ್ಡೋರಿಗೆ?"

"ಹಸಿರು. ಡಾಕ್ಟರು ಮೇಲೆ ಹೋಗಿ ಊದಿಸಿಕೊಂಡು ಬಂದರು."

"ನಿಮಗೆ?"

"ಹಸಿರು. ನಾನು ಹುಟ್ಟಿದಾಗಿನಿಂದ ಹಸಿರೇ."

ಪತ್ತೇದಾರ ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಕಟಕ್ಕೆಂದು ಕಡಿದ.

"ಅಲ್ಲೇ ಎಡವಿದ್ದು ಮೇಡಂ ನೀವು."

"ಏನು?"

"ಈ ಯಂತ್ರ ಸಿಗರೇಟನ್ನ ಹಿಡಿಯೋದಿಲ್ಲ. ಅದು ಹಿಡಿಯೋದು ಹೊಗೆಯಲ್ಲಿರೋ ವಿಷಗಾಳಿಯನ್ನ. ಅದು ಸಿಗರೇಟಿನ ಹೊಗೆಯಾದರೇನು, ಉರಿಯೋ ಹಾಸಿಗೆಯ ಹೊಗೆಯಾದರೇನು? ಸೇರಿಕೊಂಡ ಹೊಸದರಲ್ಲಿ ನಮ್ಮ ಹೊಗೆಬಂಡಿ ಮನೇಲಿ ಕೂತು ಇದನ್ನ ನಮಗೆ ಪಾಠ ಹೇಳಿದ್ದ. ನಿಮ್ಮ ಡಾಕ್ಟರೇ ಅವನಿಗೆ ಹೇಳಿದ್ದಂತೆ. ಬೆಂಕಿಯೊಳಕ್ಕೆ ಹೊಕ್ಕವನಿಗೆ ಕೆಂಪು ಬಾರದೆ ಇನ್ನೇನು ಬರಬೇಕಿತ್ತು?"

ಕಾರ್ಯದರ್ಶಿ ಒಂದು ಹೆಜ್ಜೆ ಹಿಂದೆ ಸರಿದರು.

"ಅವನ ಹಿಂದೆಯೇ ನೀವೂ ಹೊಕ್ಕಿರಿ. ಕಿಟಕಿ ತನಕ ಹೋದಿರಿ. ಉಸಿರು ಕಟ್ಟಿತು. ಹೊರಗೆ ಬಂದು ಊದಿದಿರಿ, ಹಸಿರು ಬಂತು. ಹಾಗಾದರೆ ಒಂದೋ ನೀವು ಉಸಿರಾಡದೆ ಬದುಕೋ ಹೆಂಗಸು, ಇಲ್ಲ ಒಳಗೆ ಕಾಲೇ ಇಟ್ಟಿಲ್ಲ."

"ಯಂತ್ರ ಒಂದೊಂದು ಸಲ ತಪ್ಪು ತೋರಿಸುತ್ತೆ."

"ನನ್ನ ಭಾವಮೈದುನನ ವಿಷಯದಲ್ಲಿ ಮಾತ್ರ ಸರಿ ತೋರಿಸುತ್ತಾ?"

ಅವರ ಮುಖ ಸಣ್ಣಗಾಯಿತು. ತಿರುಗಿ ಹಾಲ್ ಕಡೆಗೆ ನಡೆದರು. ಪತ್ತೇದಾರ ಬೆನ್ನು ಬಿಡಲಿಲ್ಲ. ನಿಂತಲ್ಲಿ ನಿಲ್ಲಲಾಗದ ಕಾಲು, ಇಟ್ಟಲ್ಲಿ ಇರದ ಕೈ; ಸಿಗರೇಟು ಬಿಟ್ಟವನ ಚಡಪಡಿಕೆ ಯಾವುದು, ಸುಳಿವು ಸಿಕ್ಕವನ ಚಡಪಡಿಕೆ ಯಾವುದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಹಾಲ್‌ನ ನಡುವೆ ಒಂದು ದೊಡ್ಡ ಗಾಜಿನ ಭರಣಿ. ಉಸಿರುಮನೆಗೆ ಸೇರುವವರು ಮೊದಲ ದಿನ ತಮ್ಮ ಕೊನೆಯ ಸಿಗರೇಟನ್ನು ಎಲ್ಲರೆದುರು ಎರಡು ತುಂಡು ಮಾಡಿ ಅದರೊಳಗೆ ಹಾಕುವುದು ಇಲ್ಲಿಯ ಪದ್ಧತಿ. ಪತ್ತೇದಾರನೂ ಹಾಕಿದ್ದ. ಆ ಹೊತ್ತು ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ಸಂಕಟವಾಗಿತ್ತು. ಹಾಕಿದ ಮೇಲೆ ಭರಣಿಯ ಮುಚ್ಚಳವನ್ನು ಬಿಗಿಯಾಗಿ ಒತ್ತುತ್ತಾರೆ, ವಾಸನೆಗೆ ಯಾರ ಮನಸ್ಸೂ ಕದಡಬಾರದೆಂದು.

ಮೇಲೆ ಹೆಜ್ಜೆಯ ಸದ್ದು ಹಾಗೇ ಇತ್ತು. ಈ ಗೋಡೆ, ಆ ಗೋಡೆ.

ನಿನ್ನೆ ಹಿಂಬಾಗಿಲಿಂದ ಹಾಲ್‌ಗೂ ಹೊಗೆ ನುಗ್ಗಿತ್ತು. ಆಯಮ್ಮ ಇಲ್ಲದೆ ಒರೆಸುವವರಿಲ್ಲ. ಮೇಜು, ಕುರ್ಚಿ, ಚಿತ್ರದ ಚೌಕಟ್ಟು, ಎಲ್ಲದರ ಮೇಲೂ ತೆಳ್ಳಗೆ ಮಸಿ. ಪತ್ತೇದಾರ ಭರಣಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ.

"ಹೊರಗೆ ಮಸಿ ಇದೆ, ಅದು ಸರಿ. ಒಳಗೂ ಇದೆಯಲ್ಲ ಮೇಡಂ. ನೋಡಿ, ಮೇಲಿನ ತುಂಡುಗಳೆಲ್ಲ ಕರಿ ಹಿಡಿದಿವೆ. ಮುಚ್ಚಳ ಬಿಗಿಯಾಗಿದ್ದಿದ್ದರೆ ಮಸಿ ಹೇಗೆ ಒಳಗೆ ಹೋಯ್ತು?"

ಕಾರ್ಯದರ್ಶಿ ಮುಚ್ಚಳದ ಮೇಲೆ ಕೈಯಿಟ್ಟು ಒತ್ತಿದರು.

"ಹೊಗೆ ತುಂಬಿರೋ ಹೊತ್ತಲ್ಲಿ ಯಾರೋ ಇದನ್ನ ತೆಗೆದಿದ್ದಾರೆ. ಊರಿಗೇ ಪರಿಚಯ ಇರೋ ಮುಖ, ಅಂಗಡಿಗೆ ಹೋಗಿ ಒಂದು ಸಿಗರೇಟು ಕೊಡಿ ಅಂತ ಕೇಳೋ ಹಾಗಿಲ್ಲ. ಕೇಳಿದರೆ ಅವರು ಮನೆ ಮುಟ್ಟೋ ಮುಂಚೆ ಸುದ್ದಿ ಮುಟ್ಟಿರುತ್ತೆ. ಅದಕ್ಕೇ ಇಲ್ಲಿಗೆ ಕೈ ಹಾಕಿ ಒಂದು ಅರ್ಧ ತುಂಡು ತೆಗೆದಿದ್ದಾರೆ. ಪಾಪ, ಜನ್ಮದಲ್ಲಿ ಸಿಗರೇಟು ಹಿಡಿದವರಲ್ಲ. ಬಾಯಲ್ಲಿಟ್ಟು ಎಳೆದು ಹಚ್ಚಬೇಕು ಅನ್ನೋದೂ ಗೊತ್ತಿಲ್ಲ. ಒಲೆ ಹಚ್ಚೋ ಹಾಗೆ ಕಡ್ಡಿ ಗೀರಿ ತುದಿ ಸುಟ್ಟಿದ್ದಾರೆ, ಅಷ್ಟೇ."

ಕಾರ್ಯದರ್ಶಿ ಕುರ್ಚಿಯ ತುದಿಯಲ್ಲಿ ಕುಳಿತರು. ಇಸ್ತ್ರಿ ಮುರಿಯದ ಉಡುಪಿಗೆ ಮಸಿ ಅಂಟಿತು, ಗಮನಿಸಲಿಲ್ಲ.

"ಯಾವನೋ ರೋಗಿ ಸೇದಿ ಎಸೆದಿರಬೇಕು ಅಂತ ಪೊಲೀಸರು ಬರೆದುಕೊಂಡು ಹೋಗ್ತಾರೆ ಅಂದುಕೊಂಡೆ," ಎಂದರು ಮೆಲ್ಲಗೆ. "ಹೆಸರಿಲ್ಲದ ಯಾವನೋ. ನಿಮ್ಮ ಭಾವಮೈದುನನ್ನ ಹಿಡೀತಾರೆ ಅಂತ ನನಗೇನು ಗೊತ್ತು?"

"ಹಿಡಿದ ಮೇಲೆ ಗೊತ್ತಾಯಿತಲ್ಲ. ಆಮೇಲೆ ಒಂದು ರಾತ್ರಿ ಕಳೆದಿದೆ."

"ಹೌದು."

"ನನ್ನ ಹೆಂಡತಿ ಆ ರಾತ್ರಿಯೆಲ್ಲ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಆ ಬೆಂಚೂ ನೀವೇ ಹಾಕಿಸಿದ್ದು. ಚೆನ್ನಾಗಿದೆ, ಬೆನ್ನು ನೋಯಲ್ಲ."

ಚುಚ್ಚಬೇಕೆಂದೇ ಆಡಿದ ಮಾತು. ಅವರ ಕಣ್ಣು ತುಂಬಿ ಬಂದಾಗ ಅವನಿಗೆ ಸಮಾಧಾನವೇನೂ ಆಗಲಿಲ್ಲ.

"ಯಾರನ್ನ ಕಾಪಾಡ್ತಿದ್ದೀರಿ?"

ಕಾರ್ಯದರ್ಶಿಯ ನೋಟ ತಾನಾಗಿ ಗೋಡೆಯ ಮೇಲಿನ ಚಿತ್ರದ ಕಡೆ ಹೋಯಿತು.

"ಹೊಗೆ ಕಂಡು ನಾನು ಹಿಂಬಾಗಿಲಿಗೆ ಓಡಿದೆ. ಉಗ್ರಾಣದಿಂದ ಅಪ್ಪ ಹೊರಗೆ ಬರ್ತಿದ್ದರು. ಕೆಮ್ಮುತ್ತಿದ್ದರು. ಕೈಯಲ್ಲಿ ಲೈಟರು. ನನ್ನ ಕಡೆ ನೋಡದೆ ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಹೋದರು." ಅವರು ಕಣ್ಣೊರೆಸಿಕೊಂಡರು. "ಇಷ್ಟು ವರ್ಷ ಬಿಟ್ಟೆ ಅಂದವರು ಉಗ್ರಾಣದಲ್ಲಿ ಕದ್ದು ಸೇದುತ್ತಿದ್ದಾರೆ ಅಂದುಕೊಂಡೆ. ನೀವೇ ಹೇಳಿ, ಇದು ಹೊರಗೆ ಬಂದರೆ ನಾಳೆ ನಗರಸಭೆಯಲ್ಲಿ ಯಾರು ಕೈ ಎತ್ತುತ್ತಾರೆ? ಅಪ್ಪನ ಹೆಸರು ನೋಡಿ ಜನ ಕೊಡ್ತಾರೆ. ಆ ಹೆಸರು ಹೋದರೆ ನಲ್ಲಿ ಹೋಯ್ತು, ಬೆಂಚು ಹೋಯ್ತು, ಓಣಿಯ ದೀಪ ಹೋಯ್ತು. ಈ ಮನೆಗೆ ಬಂದು ಬದುಕಿಕೊಂಡವರೆಲ್ಲ ಮತ್ತೆ ಹಚ್ಚುತ್ತಾರೆ."

"ನಮ್ಮ ಹೊಗೆಬಂಡಿಯೂ ಇಲ್ಲೇ ಬದುಕಿಕೊಂಡವನು. ನಿಮ್ಮ ನಲ್ಲಿ ರಿಪೇರಿ ಮಾಡೋನು ಅವನೇ. ಅವನನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ ನೀವು."

ಅವರು ತಲೆ ತಗ್ಗಿಸಿದರು.

ಪತ್ತೇದಾರ ಎರಡು ಹೆಜ್ಜೆ ಹಾಕಿದ, ತಿರುಗಿದ. ತಲೆಯ ಮೇಲೆ ಓಡಾಡುವವರು ಅವನ ಜೊತೆಗೇ ತಿರುಗಿದಂತಿತ್ತು. ಏನೋ ಒಂದು ಕೂಡಿಬರುತ್ತಿರಲಿಲ್ಲ.

"ದೊಡ್ಡೋರದ್ದೂ ಹಸಿರು ಅಂದ್ರಲ್ಲ."

"ಡಾಕ್ಟರು ಅಪ್ಪನ ಮರ್ಯಾದೆಗೆ ಸುಳ್ಳು ಹೇಳಿದರು ಅಂದುಕೊಂಡೆ."

"ಹೇಳದೇ ಇದ್ದಿದ್ದರೆ? ನಿಜವಾಗಿ ಹಸಿರೇ ಬಂದಿದ್ದರೆ? ಕದ್ದು ಸೇದಿದವರು, ಮೇಲಾಗಿ ಆ ಹೊಗೆಯಿಂದ ಕೆಮ್ಮುತ್ತಾ ಬಂದವರು, ಹಸಿರು ಹೇಗಾಗ್ತಾರೆ?" ಅವನು ಅವರ ಎದುರಿಗೇ ಬಂದು ನಿಂತ. "ಮೇಡಂ, ನೀವು ಮುಖ ನೋಡಿದ್ರಾ?"

"ಅಪ್ಪನ್ನ ನನಗೆ ಗುರುತು ಸಿಗಲ್ವಾ?"

"ಮುಖ ನೋಡಿದ್ರಾ ಅಂದೆ."

"ಬೆನ್ನು," ಎಂದರು ಕಾರ್ಯದರ್ಶಿ. "ಬೆನ್ನು ನೋಡಿದೆ. ಕೋಟು. ಅಪ್ಪನ ಬೂದು ಕೋಟು."

"ಅದು ಯಾವಾಗಲೂ ಎಲ್ಲಿರುತ್ತೆ?"

ಅವರ ಕೈ ಹಿಂಬಾಗಿಲ ಪಕ್ಕದ ಗೂಟದ ಕಡೆ ಎದ್ದಿತು. ಖಾಲಿ ಗೂಟ. "ನಿನ್ನೆಯಿಂದ ಅಲ್ಲಿಲ್ಲ. ಅಪ್ಪ ಹಾಕ್ಕೊಂಡಿದ್ದಾರೆ ಅಂತ..."

ಪತ್ತೇದಾರನ ಹೊಟ್ಟೆಯಲ್ಲಿ ಬೆಳಿಗ್ಗೆಯಿಂದ ಕೂತಿದ್ದ ಕಲ್ಲು ಕದಲಿತು. ಹೊಗೆಬಂಡಿ ತಡ ಮಾಡಿ ಹೇಳಿದ ಆ ಇಲ್ಲ! ಅವನೂ ನೋಡಿದ್ದಾನೆ. ಅವನೂ ಅದೇ ಬೆನ್ನನ್ನು, ಅದೇ ಕೋಟನ್ನು ನೋಡಿದ್ದಾನೆ. ತನ್ನನ್ನು ಚಟದಿಂದ ಎತ್ತಿ ಕೈಗೆ ಕೆಲಸ ಕೊಟ್ಟವರೆಂದು ಬಾಯಿ ಮುಚ್ಚಿಕೊಂಡಿದ್ದಾನೆ. ಸೇದಿಲ್ಲ ಎಂದಿದ್ದು ನಿಜ. ನೋಡಿಲ್ಲ ಎಂದಿದ್ದಷ್ಟೇ ಸುಳ್ಳು.

ಪತ್ತೇದಾರನಿಗೆ ನಗು ಬಂತು, ಅಳುವೂ ಬಂತು. ಈಗಲೇ ಠಾಣೆಗೆ ಹೋಗಿ ಸರಳಿನ ಮುಂದೆ ನಿಂತು, ನಂಬುತ್ತೇನೆ ಮಾರಾಯ, ತಡವಾಯಿತು, ಕ್ಷಮಿಸು ಎಂದು ಹೇಳಿಬಿಡಬೇಕು ಅನ್ನಿಸಿತು.

"ಏಳಿ. ನನ್ನ ಜೊತೆ ಠಾಣೆಗೆ ಬಂದು ಇದಿಷ್ಟನ್ನೂ ಇನ್‌ಸ್ಪೆಕ್ಟರ ಮುಂದೆ ಹೇಳಿ. ಇನ್ನೂ ಹೊತ್ತಿದೆ."

ಕಾರ್ಯದರ್ಶಿ ಏಳುತ್ತಿದ್ದಂತೆ ಅವನ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಹೆಂಡತಿ.

"ರೀ, ಎಲ್ಲಿದ್ದೀರಿ?" ಅತ್ತು ಅತ್ತು ಅವಳ ದನಿ ಕೂತುಹೋಗಿತ್ತು.

"ಉಸಿರುಮನೆಯಲ್ಲಿ. ಕೇಳು, ಎಲ್ಲ ಗೊತ್ತಾಯ್ತು. ಅವನದ್ದೇನೂ ತಪ್ಪಿಲ್ಲ ಕಣೇ. ನಾನು ಈಗಲೇ ಬರ್ತಿದ್ದೀನಿ, ಅವನಿಗೆ ಹೇಳು..."

"ಅವನು ಒಪ್ಪಿಕೊಂಡುಬಿಟ್ಟ ರೀ."

"ಏನು?"

"ತಾನೇ ಸೇದಿದ್ದು, ತನ್ನ ಕೈಯಿಂದಲೇ ಬೆಂಕಿ ಬಿದ್ದಿದ್ದು ಅಂತ ಬರೆದು ಸಹಿ ಹಾಕಿಬಿಟ್ಟ. ಈಗಷ್ಟೇ." ಅವಳು ಮೂಗೆಳೆದುಕೊಂಡಳು. "ಚಿಕ್ಕಂದಿನಿಂದ ಸೇದಿಲ್ಲ ಸೇದಿಲ್ಲ ಅಂತ ಎಷ್ಟು ಸಲ ನನ್ನ ಮುಂದೆ ಸುಳ್ಳು ಹೇಳಿದ್ದ. ಒಂದು ಸಲನಾದ್ರೂ ನಿಜ ಹೇಳಿದನಲ್ಲ, ಹೋಗಲಿ ಬಿಡಿ."

ಇಷ್ಟು ವರ್ಷ ಸೇದಿ ಸೇದಿಲ್ಲ ಎಂದವನನ್ನು ಯಾರೂ ನಂಬಲಿಲ್ಲ. ಸೇದದೆ ಸೇದಿಲ್ಲ ಎಂದಾಗಲೂ ನಂಬಲಿಲ್ಲ. ಈಗ ಸೇದದೆ ಸೇದಿದೆ ಎನ್ನುತ್ತಿದ್ದಾನೆ, ಒಡಹುಟ್ಟಿದ ಅಕ್ಕ ಮರುಮಾತಿಲ್ಲದೆ ನಂಬಿದ್ದಾಳೆ.

"ಬೆಳಿಗ್ಗೆ ತನಕ ಗಟ್ಟಿಯಾಗಿದ್ದನಲ್ಲ," ಎಂದ ಪತ್ತೇದಾರ ಕಷ್ಟಪಟ್ಟು. "ಅವನ ಹತ್ತಿರ ಯಾರು ಬಂದಿದ್ದರು?"

"ಇನ್ಯಾರು ಬರ್ತಾರೆ? ದೊಡ್ಡೋರು. ಬೆಳಿಗ್ಗೆ ನೀವು ಅತ್ತ ಹೋದಿರಿ, ಅವರು ಇತ್ತ ಬಂದರು. ಅವನ ಕೈ ಹಿಡ್ಕೊಂಡು ಮಗು ಹಾಗೆ ಅತ್ತರು ರೀ. ಅವರು ಅತ್ತಿದ್ದು ನೋಡಿ ಇವನಿಗೆ ತಡೆಯೋಕಾಗಲಿಲ್ಲ. ಪಾಪ, ಇನ್ನೂ ಇಲ್ಲೇ ಇದ್ದಾರೆ, ನನ್ನ ಪಕ್ಕದಲ್ಲೇ ಕೂತಿದ್ದಾರೆ. ಡಾಕ್ಟರೂ ಇದ್ದಾರೆ. ಒಂದು ಕೋಟೂ ಇಲ್ಲದೆ ಬಂದಿದ್ದಾರೆ, ಚಳಿಗೆ ನಡುಗ್ತಾ ಇದ್ದಾರೆ. ನನ್ನ ಶಾಲೇ ಹೊದಿಸಿದ್ದೀನಿ."

"ನಿನ್ನ ಪಕ್ಕದಲ್ಲೇ?"

"ಹೂಂ, ಅಂದೆನಲ್ಲ. ಕೊಡಲಾ, ಮಾತಾಡ್ತೀರಾ?"

ಮೊಬೈಲಿನ ದನಿ ನಿಶ್ಶಬ್ದವಾದ ಹಾಲ್‌ನಲ್ಲಿ ಕಾರ್ಯದರ್ಶಿಗೂ ಕೇಳಿಸಿತ್ತು. ಅವರ ಮುಖ ಬಿಳಿಚಿತು. ಇಬ್ಬರೂ ಒಟ್ಟಿಗೆ ತಲೆಯೆತ್ತಿ ಸೂರು ನೋಡಿದರು. ದೊಡ್ಡೋರು ಹೊರಗಿನ ಮೆಟ್ಟಿಲಿಳಿದು ಠಾಣೆಗೆ ಹೋಗಿದ್ದಾರೆ; ನಿನ್ನೆ ಆ ಕೋಟು ತೊಟ್ಟು ಮೇಲೆ ಹತ್ತಿದವರು ಇನ್ನೂ ಇಳಿದಿಲ್ಲ.

ಈ ಗೋಡೆಯಿಂದ ಆ ಗೋಡೆಗೆ. ಆ ಗೋಡೆಯಿಂದ ಈ ಗೋಡೆಗೆ.

ಬಂದಾಗಿನಿಂದ ಕಾಡುತ್ತಿದ್ದ ಆ ಒಂದೆಳೆ ವಾಸನೆ ಮತ್ತೆ ಪತ್ತೇದಾರನ ಮೂಗಿಗೆ ಬಂತು. ಈ ಸಲ ಒಂದೆಳೆಯಲ್ಲ.

"ಮೇಡಂ," ಎಂದ ಪಿಸುದನಿಯಲ್ಲಿ. "ಸಿಗರೇಟಿನ ವಾಸನೆ. ನಿಮಗೂ ಬರ್ತಿದೆಯಾ?"

ಹುಟ್ಟಿದಾಗಿನಿಂದ ಹಸಿರಾಗಿದ್ದ ಆ ಹೆಂಗಸು ಒಳಗಿನ ಮೆಟ್ಟಿಲ ಕಡೆ ನೋಡುತ್ತ ಹೌದೆಂದು ತಲೆಯಾಡಿಸಿದರು.

ಮೇಲೆ ಹೆಜ್ಜೆಗಳು ನಿಂತವು. ಆಮೇಲೆ ಒಂದೊಂದಾಗಿ ಮೆಟ್ಟಿಲು ಇಳಿಯತೊಡಗಿದವು. ತಿರುವಿನಲ್ಲಿ ಮೊದಲು ಕಾಣಿಸಿದ್ದು ಬೂದು ಕೋಟಿನ ಅಂಚು.